ಕೋಚ್ ಇಲ್ಲದ ತಂಡದ ಎರಡು ನಿಮಿಷ

ಇದರಲ್ಲಿ ನಿಜವಾಗಿ ನಡೆದದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಪಂದ್ಯ ಸವಣೂರಿನಲ್ಲಿ ನಡೆಯಿತು. ತಿಳವಳ್ಳಿಯ ಹುಡುಗಿಯರು ಶಿಗ್ಗಾವಿಯ ಹುಡುಗಿಯರ ಎದುರು ಬಾಸ್ಕೆಟ್‌ಬಾಲ್ ಆಡಿದರು. ಅಂಕಪಟ್ಟಿ ಬರೆಯುವ ಮೇಜಿನ ಹಿಂದೆ ನಾನು ಕೂತಿದ್ದೆ. ಇಷ್ಟು ಗಟ್ಟಿ. ಕಣ್ಣು ಕುಕ್ಕುವ ಬಿಸಿಲಿತ್ತು ಎಂದು ನನ್ನ ನೆನಪು. ಅಂದು ಮೋಡ ಕವಿದಿತ್ತು ಎಂದು ಹಾನಗಲ್ಲಿನ ಗೆಳೆಯನೊಬ್ಬ ವಾದಿಸುತ್ತಾನೆ. ಅವನು ಅಲ್ಲಿಗೆ ಬಂದೇ ಇರಲಿಲ್ಲವೇನೋ ಎಂಬ ಅನುಮಾನವೂ ನನಗಿದೆ.

ಗೆದ್ದವರು ಜಿಲ್ಲಾ ಮಟ್ಟಕ್ಕೆ ಹೋಗುವವರಿದ್ದರು. ತಿಳವಳ್ಳಿಯ ಕ್ಯಾಪ್ಟನ್‌ಗೆ ಅದೇ ಕೊನೆಯ ಅವಕಾಶ, ಮುಂದಿನ ವರ್ಷ ಅವಳ ವಯಸ್ಸು ಮೀರುತ್ತಿತ್ತು. ಹುಡುಗಿಯರು ಬಸ್ಸಿನಲ್ಲಿ ಬಂದಿಳಿದಿದ್ದರು. ಅವರ ಕೋಚ್ ಮಾತ್ರ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದರು; ಇಳಿಯಬೇಕಿದ್ದ ಯಲವಿಗಿ ನಿಲ್ದಾಣ ಇನ್ನೂ ದೂರವಿರುವಾಗಲೇ ಗಾಡಿ ನಿಂತುಬಿಟ್ಟಿತ್ತು.

ಟೈಮ್‌ಔಟ್ ನಿಯಮ ನನಗೆ ಚೆನ್ನಾಗಿ ಗೊತ್ತು ಎಂಬ ಹಮ್ಮು ನನಗಿತ್ತು. ಓಣಿಯ ಮಕ್ಕಳು ಚಪ್ಪಲಿ ಕಿತ್ತುಹೋದರೂ ‘ಟೈಂಪ್ಲೀಸ್’ ಎಂದು ಕೂಗಿ ಆಟ ನಿಲ್ಲಿಸುತ್ತಾರೆ. ಯಾರು ಬೇಕಾದರೂ ಕೂಗಬಹುದು, ಎಷ್ಟು ಸಲ ಬೇಕಾದರೂ. ಮೂವರು ಮೂವರಾಗಿ ಆಡುವ ಪಂದ್ಯದಲ್ಲಿ ತಂಡಕ್ಕೆ ಒಂದೇ ಟೈಮ್‌ಔಟ್, ಅದೂ ಅರ್ಧ ನಿಮಿಷದ್ದು, ಆದರೆ ಯಾವ ಆಟಗಾರನೂ ಅದನ್ನು ಕೇಳಬಹುದು. ಟೀವಿಯಲ್ಲಿ ಕಾಣುವ ಅಮೆರಿಕದ ಪಂದ್ಯಗಳಲ್ಲಿ ಚೆಂಡು ಹಿಡಿದ ಆಟಗಾರನೇ ಕೇಳುತ್ತಾನೆ. ತಂಡದ ಪಾಲಿನ ಟೈಮ್‌ಔಟ್‌ಗಳು ಮುಗಿದ ಮೇಲೆ ಕೇಳಿದರೆ ದಂಡ ತೆರುತ್ತಾನೆ. ನಾವು ಪಾಲಿಸುವ ಅಂತರರಾಷ್ಟ್ರೀಯ ನಿಯಮದಲ್ಲಿ ಕೇಳುವ ಹಕ್ಕು ಕೋಚ್‌ಗೆ, ಇಲ್ಲವೇ ಸಹಾಯಕ ಕೋಚ್‌ಗೆ. ಒಂದೊಂದು ನಿಮಿಷದ ಎರಡು ಮೊದಲರ್ಧಕ್ಕೆ, ಮೂರು ಎರಡನೆಯ ಅರ್ಧಕ್ಕೆ. ಧಾರವಾಡದಲ್ಲಿ ಓದುವಾಗ ಅಂತರ ಕಾಲೇಜು ಪಂದ್ಯಗಳಿಗೆ ಇದನ್ನೇ ಬರೆದು ಬರೆದು ನನ್ನ ಕೈ ಪಳಗಿತ್ತು. ಅಲ್ಲಿ ಕೋಚ್ ಇಲ್ಲದ ತಂಡವನ್ನು ನಾನು ನೋಡಿರಲೇ ಇಲ್ಲ.

ಶಿಗ್ಗಾವಿ ಎಂಟು ಅಂಕ ಮುಂದೆ ಹೋದಾಗ ಕ್ಯಾಪ್ಟನ್ ನನ್ನತ್ತ ತಿರುಗಿದಳು. “ಟೈಂಪ್ಲೀಸ್ ರೀ.”

ಪಕ್ಕದಲ್ಲಿ ಗಡಿಯಾರ ನೋಡುತ್ತಿದ್ದವರು ನಕ್ಕರು. ನಾನೂ ನಕ್ಕೆ. “ಇದೇನ್ ಓಣಿ ಆಟ ಏನವಾ? ಆಟಗಾರ್ರು ಕೇಳಂಗಿಲ್ಲ.”

ಸ್ವಲ್ಪ ಹೊತ್ತಿನ ಮೇಲೆ ಚೆಂಡು ಹೊರಗೆ ಹೋದಾಗ ಅವಳು ಮತ್ತೆ ನೋಡಿದಳು. ಅಂಗೈಗೆ ತೋರುಬೆರಳು ತಾಗಿಸಿ ರೆಫ್ರಿಗಳು ಮಾಡುವ ಸನ್ನೆಯನ್ನೇ ಮಾಡಿದಳು. ನಾನು ತಲೆಯಾಡಿಸಿದೆ, ಇಲ್ಲ.

ಅರ್ಧ ಮುಗಿಯಿತು. ತಿಳವಳ್ಳಿಯ ಎರಡು ಖಾಲಿ ಚೌಕಗಳಿಗೆ ನಾನು ಸ್ಕೇಲಿಟ್ಟು ಜೋಡಿಗೆರೆ ಎಳೆದೆ. ಬಳಸದ ಟೈಮ್‌ಔಟ್ ಮುಂದಕ್ಕೆ ಬರುವುದಿಲ್ಲ ಎಂಬುದರ ಗುರುತು ಅದು. ರೆಫ್ರಿ ಮೇಜಿಗೆ ಬಂದು ಹಾಳೆ ತಿರುವಿಕೊಂಡರು. ಸವಣೂರಿನಲ್ಲೇ ಬಟ್ಟೆ ಅಂಗಡಿ ಇದ್ದ ಹಿರಿಯರು. ಎಲ್ಲರಿಗೂ ಅವರು ಸಾಹೇಬರು.

“ಮಾಸ್ತರ, ಅಂತರ ಎಂಟರಿಂದ ಹದಿನಾರಕ್ಕ ಹೋಗೂತನಾ ಈ ಹುಡುಗ್ಯಾರು ಒಂದೂ ಕೇಳಲಿಲ್ಲೇನು?”

“ಕೇಳಿದ್ಳ್ರಿ, ಕ್ಯಾಪ್ಟನ್. ಆಟಗಾರ್ರು ಕೇಳಂಗಿಲ್ಲಲ್ರಿ.”

“ಇವರ ಕೋಚ್ ಎಲ್ಲಿ ಅದಾರ?”

“ರೈಲಿನ್ಯಾಗ.”

“ರೈಲಿನ್ಯಾಗಿನ ಕೋಚ್ ತಗೊಂಡ್ ನಾವೇನ್ ಮಾಡೂದು?” ಅವರು ಕನ್ನಡಕ ತೆಗೆದರು. “ಕೋಚ್ ಇಲ್ಲಂದ್ರ ಕ್ಯಾಪ್ಟನ್ನ ಕೋಚ್. ನಿಮ್ಮ ಯುನಿವರ್ಸಿಟಿಯ ನಿಯಮದ ಪುಸ್ತಕದಾಗ ಆ ಪಾನು ಹರದಿತ್ತೇನು?”

ನಾನು ಪೆನ್ನು ಎತ್ತಿಕೊಂಡೆ. “ಹಂಗಾರ ಆ ಎರಡನ್ನ ಈಗ ಕೂಡಿಸೂಣ್ರಿ.”

“ಹೋದ ನಿಮಿಷ ಹೋತು. ಅದನ್ನ ಕೂಡ್ಸಾಕ ನನಗೂ ಹಕ್ಕಿಲ್ಲ, ನಿಮಗೂ ಇಲ್ಲ.”

ಕ್ಯಾಪ್ಟನ್‌ನನ್ನು ಕರೆದು, ಶಿಗ್ಗಾವಿಯ ಕೋಚ್ ಎದುರಿನಲ್ಲೇ ಅವರು ಹೇಳಿದರು: “ಬೇಟಿ, ತಪ್ಪು ನಮ್ಮ ಮೇಜಿಂದು. ಇನ್ನ ನಿನಗ ಮೂರು ಅದಾವ.” ಅವಳು ನನ್ನನ್ನು ನೋಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಮೂರನ್ನು ಅವಳು ಬಳಸಿದ ರೀತಿಯನ್ನು ಈಗಲೂ ಯೋಚಿಸುತ್ತೇನೆ. ಕೊನೆಯದನ್ನು ಕೇಳಿದಾಗ ಆಟ ಮುಗಿಯಲು ಒಂದು ನಿಮಿಷವೂ ಇರಲಿಲ್ಲ. ಅಂತರ ಮೂರಕ್ಕೆ ಇಳಿದಿತ್ತು. ಉಳಿದ ನಾಲ್ವರು ಒಟ್ಟಿಗೆ ಮಾತಾಡುತ್ತಿದ್ದರು. ಅವಳು ಟವೆಲ್ ಹಿಡಿದು ಒಬ್ಬೊಬ್ಬರ ಅಂಗೈಯನ್ನೂ ಬೆರಳ ಸಂದಿಯನ್ನೂ ಒರೆಸುತ್ತ ಹೋದಳು. ಕೈ ಒರೆಸಿಕೊಂಡವರು ಸುಮ್ಮನಾಗುತ್ತ ಬಂದರು. ನಾನು ಕಂಡ ಕೋಚ್‌ಗಳೆಲ್ಲ ಆ ಒಂದು ನಿಮಿಷಕ್ಕೆ ಮಾತು ತುರುಕುತ್ತಿದ್ದರು. ಇವಳು ಅದನ್ನು ಖಾಲಿ ಮಾಡುತ್ತಿದ್ದಳು. ಕೊನೆಯಲ್ಲಿ ಒಂದೇ ಮಾತು ಹೇಳಿದಳು: “ಚೆಂಡ್ ನನಗ ಕೊಡಬ್ಯಾಡ್ರಿ. ಅವರೊಳಗ ಮೂರು ಮಂದಿ ನನ್ನ ಹತ್ರನ ನಿಂದರ್ತಾರ.”

ಹಾಗೆಯೇ ಆಯಿತು. ಮೂವರು ಅವಳನ್ನು ಸುತ್ತುವರಿದರು, ಆಚೆ ಬದಿಯಲ್ಲಿ ಒಬ್ಬಂಟಿಯಾಗಿದ್ದ ಹುಡುಗಿ ಚೆಂಡನ್ನು ಬುಟ್ಟಿಗೆ ಹಾಕಿದಳು. ಎರಡು ಅಂಕ. ಇನ್ನೊಮ್ಮೆ ಚೆಂಡು ಅವರ ಕೈಗೆ ಬರುವಷ್ಟರಲ್ಲಿ ಸಮಯ ಮುಗಿಯಿತು. ತಿಳವಳ್ಳಿ ಒಂದು ಅಂಕದಿಂದ ಸೋತಿತು.

ಸಾಹೇಬರು ಅಂಕಪಟ್ಟಿಯನ್ನೂ ಪೆನ್ನನ್ನೂ ಅವಳ ಮುಂದಿಟ್ಟರು. ಅದರ ಕೆಳಗಡೆ, ಆಕ್ಷೇಪಣೆ ಇದ್ದರೆ ಕ್ಯಾಪ್ಟನ್ ಸಹಿ ಮಾಡಲು ಒಂದು ಜಾಗವಿರುತ್ತದೆ. ಅಷ್ಟು ವರ್ಷ ಬರೆದಿದ್ದರೂ ಯಾರೂ ಅಲ್ಲಿ ಸಹಿ ಮಾಡಿದ್ದನ್ನು ನಾನು ಕಂಡಿರಲಿಲ್ಲ.

“ಸಹಿ ಮಾಡಿದ್ರ ಆ ಎರಡು ನಿಮಿಷ ವಾಪಸ್ ಬರ್ತಾವೇನ್ರಿ?” ಎಂದು ಕೇಳಿದಳು.

“ಬರಂಗಿಲ್ಲ. ಕಮಿಟಿಯವರು ವಿಚಾರ ಮಾಡ್ತಾರ. ಸೋತದ್ದು ಸೋತಂಗ ಉಳೀಬಹುದು.”

“ಉಳೀಲಿ ಬಿಡ್ರಿ. ನಾ ಕೇಳಿದ್ದೆ ಅಂತಾದ್ರೂ ಹಾಳ್ಯಾಗ ಬರೆದಿರ್ಲಿ.”

ಕಮಿಟಿ ಫಲಿತಾಂಶವನ್ನು ಬದಲಿಸಲಿಲ್ಲ. ಶಿಗ್ಗಾವಿ ಜಿಲ್ಲೆಗೆ ಹೋಯಿತು. ಮೇಜಿನ ತಪ್ಪು ನನ್ನದೆಂದು ಬರೆದುಕೊಟ್ಟೆ, ಅದರಿಂದ ಅವಳಿಗೇನೂ ಸಿಗಲಿಲ್ಲ.

ಅವಳ ಆ ಕೊನೆಯ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ಸಂಶಯ ಹೆಚ್ಚಾಯಿತು. ಅಷ್ಟು ಚೊಕ್ಕ ಮಾತನ್ನು ಸೋತ ಗಳಿಗೆಯಲ್ಲಿ ಯಾರಾದರೂ ಆಡುತ್ತಾರೆಯೇ? ಅಂದು ಗಡಿಯಾರ ನೋಡುತ್ತಿದ್ದವರು, ಅವಳು ಪೆನ್ನನ್ನು ಮುಟ್ಟಲೇ ಇಲ್ಲ, ಅಳುತ್ತ ಬಸ್ಸಿಗೆ ಹೋದಳು ಎನ್ನುತ್ತಾರೆ. ಹೋದ ತಿಂಗಳು ಹಿರೇಕೆರೂರಿಗೆ ಹೋಗಿದ್ದಾಗ, ಆಗಿನ ಕಮಿಟಿಯ ಕಾರ್ಯದರ್ಶಿಯ ಮನೆಯಲ್ಲಿ ಹಳೆಯ ಫೈಲು ಕೇಳಿ ತೆಗೆಸಿದೆ. ಅಂಕಪಟ್ಟಿಯ ಕಾರ್ಬನ್ ಪ್ರತಿ ಸಿಕ್ಕಿತು. ಮಾತಿಗೆ ಸಾಕ್ಷಿ ಇಲ್ಲ. ಆಕ್ಷೇಪಣೆಯ ಜಾಗದಲ್ಲಿ ಮಾತ್ರ, ಕನ್ನಡದಲ್ಲಿ, ಪೂರ್ತಿ ಹೆಸರು ಬರೆದು ಮಾಡಿದ ಅವಳ ಸಹಿ ಇದೆ.