ಹಿನ್ನೀರು ಎಂಬ ಶಬ್ದ

ಬಸ್ಸು ಕೊಲ್ಹಾರದ ಸೇತುವೆಗೆ ಬಂದಾಗ ಕಿಟಕಿಯಿಂದ ನೀರಿನ ಹಸಿ ವಾಸನೆ ಒಳಗೆ ಬಂತು. "ಹಿನ್ನೀರು ಎಷ್ಟ ಚಂದ ಕಾಣ್ತೈತಿ ನೋಡ್ರಿ," ಎಂದಳು ಪಕ್ಕದಲ್ಲಿದ್ದ ಕಾಲೇಜಿನ ಹುಡುಗಿ. ಚಂದವೇ ಹೌದು. ಆದರೆ ಆ ಶಬ್ದ ಕೇಳಿದರೆ ನನಗೆ ಇಂದಿಗೂ ತುಸು ನಾಚಿಕೆ.

ಎಪ್ಪತ್ತರ ದಶಕದ ಕೊನೆ. ಬಾಗೇವಾಡಿ ತಾಲೂಕಿನ ಹೊಳೆದಂಡೆಯ ಹಳ್ಳಿಯೊಂದರಲ್ಲಿ ನಾನು ಕನ್ನಡ ಕಲಿಸುವ ಹೊಸ ಅಕ್ಕೋರು. ಸಮಾಸವೆಂದರೆ ಹುಚ್ಚು. ನಗಬೇಡಿ, ಎಣ್ಣೆಗಾಯಿ ಬಡಿಸಿದರೂ ಮೊದಲು ಎಣ್ಣೆಯನ್ನೂ ಕಾಯಿಯನ್ನೂ ಮನಸ್ಸಿನಲ್ಲೇ ಬಿಡಿಸಿ, ಆಮೇಲೆ ತುತ್ತು ಎತ್ತುತ್ತಿದ್ದೆ.

ನಾನಿದ್ದ ಮನೆಯ ಒಡತಿ ನೀಲವ್ವ, ಅರವತ್ತು ದಾಟಿದ ಒಂಟಿ ಜೀವ. ದಿನಕ್ಕೆ ನಾಲ್ಕು ಸಲ ಹೊಳೆಯಿಂದ ಕೊಡ ಹೊತ್ತು ತರುತ್ತಿದ್ದಳು. ಒಂದು ದಿನ ಚಾವಡಿಯ ಗೋಡೆಗೆ ಸರಕಾರಿ ಕಾಗದ ಅಂಟಿಸಿದರು: ಊರು ಹಿನ್ನೀರಿನ ವ್ಯಾಪ್ತಿಗೆ ಬರುತ್ತದೆ.

"ಹಿನ್ನೀರು ಅಂದ್ರ ಏನ್ರಿ ಅಕ್ಕೋರ?"

"ಹಿಂದಿನ ನೀರು, ನೀಲವ್ವಾ," ಎಂದೆ, ಬಿಡಿಸಿದ ಖುಷಿಯಲ್ಲಿ. ಅಣೆಕಟ್ಟಿನ ಮಾತೇ ಎತ್ತಲಿಲ್ಲ.

ಮರುದಿನ ಆಕೆ ಹಿತ್ತಲಲ್ಲಿ ಕಲ್ಲು ಹೊಂದಿಸುತ್ತಿದ್ದಳು. ಒಂದು ಬಟ್ಟೆ ಒಗೆಯಲು, ಒಂದು ಸುಮ್ಮನೆ ಕೂಡಲು. "ಮನಿ ಹಿಂದ ನೀರು ಬರ್ತೈತಿ ಅಂದ್ರಲ್ರಿ. ಹೊಳಿಗೆ ಹೋಗೂದು ತಪ್ಪಿತು. ಇಲ್ಲೊಂದು ಮಲ್ಲಿಗಿ ಬಳ್ಳಿ ಹಚ್ಚತೇನಿ." ಹೇಳಲು ನನಗೆ ಬಾಯಿ ಬರಲಿಲ್ಲ. ಮೂರು ಸಂಜೆ ಆಕೆಯ ಪಕ್ಕ ಕುಳಿತು ಇಲ್ಲದ ನೀರನ್ನು ನೋಡಿದೆ. ಸುಳ್ಳಲ್ಲ, ನನಗೂ ಅದು ತೆಳ್ಳಗೆ ಹೊಳೆದಂತೆ ಕಾಣತೊಡಗಿತ್ತು.

ನಾಲ್ಕನೆಯ ದಿನ ಹೇಳಿದೆ. "ಹೊಳಿಗೆ ಒಡ್ಡು ಕಟ್ತಾರ, ನೀಲವ್ವಾ. ಅದರ ಹಿಂದ ನೀರು ನಿಂದರತೈತಿ. ಊರ ಮ್ಯಾಲ."

"ಈ ಮನಿ ಮ್ಯಾಲೂ?"

"ಹೂಂ."

ಆಕೆ ಆ ಕಲ್ಲಿನ ಮೇಲೆಯೇ ಕುಳಿತಳು. "ಮೂರ ದಿನಾ ಚಲೋ ಇತ್ತ ನೋಡ್ರಿ," ಎಂದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ, ಊರು ಮುಳುಗಿದವರಿಗೆ ಕಟ್ಟಿಸಿದ ಹೊಸ ಊರಿನಲ್ಲಿ ಆಕೆಯನ್ನು ಕಂಡೆ. ಸೊಂಟ ಬಾಗಿತ್ತು. ತಗಡಿನ ಮನೆ, ಬಾಗಿಲ ಎದುರಿಗೇ ನಳ. "ಅಕ್ಕೋರ, ನೀರು ಹಿಂದ ಅಲ್ಲ, ಮುಂದ ಬಂತ್ರಿ!" ಎಂದು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲಿನ ನನ್ನ ತರಗತಿಗಳಲ್ಲಿ ಹೊಸ ಶಬ್ದ ಬಂದಾಗೆಲ್ಲ, ಅದು ನಿಮಗೆ ಹೇಗೆ ಕಾಣುತ್ತದೆ ಎಂದು ಮೊದಲು ಮಕ್ಕಳನ್ನೇ ಕೇಳುತ್ತಿದ್ದೆ.

"ಇಲ್ಲಿ ನಿಮ್ಮ ಊರಿತ್ತೇನ್ರಿ, ಅಮ್ಮಾರ?" ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಂದಲ್ಲವ್ವಾ, ನೀಲವ್ವಂದು."

ಯಾರು ಎಂದು ಕೇಳಿದಳು. ನಿಲ್ದಾಣ ಬರುವವರೆಗೂ ಹೇಳಿದೆ. ಸಮಾಸದ ಸುದ್ದಿಯನ್ನೇ ತೆಗೆಯಲಿಲ್ಲ.