ಮೂರು ಬೆರಳಿನ ಕಮಾನು

ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೊಂದೇ ಸಲ. ನಿಜಾಮನ ಆಳ್ವಿಕೆ ಮುಗಿದ ಮೇಲಿನ ಎರಡನೆಯ ಮಳೆಗಾಲ. ಕೃಷ್ಣೆ ತುಂಬಿ ಹರಿದು, ಸುರಪುರದಾಚೆಯ ನಡುಗಡ್ಡೆಯಲ್ಲಿ ದಿನ ತುಂಬಿದ ಅಕ್ಕ ಸಿಕ್ಕಿಬಿದ್ದಿದ್ದಳು. ಭಾವ ಸೋರೆಬುರುಡೆ ಕಟ್ಟಿಕೊಂಡು ಹೊಳೆ ಈಜಿ, ಶಹಾಪುರದ ನಮ್ಮ ಮನೆಗೆ ಬಂದು, "ಕೂಸು ಅಡ್ಡ ಆಗ್ಯದಂತ್ರಿ ಮಾವಾ. ಹರಗೋಲು ಯಾರೂ ಬಿಡವಲ್ರು," ಎಂದು ಅತ್ತ.

ಯಾದಗಿರಿಯ ಭೀಮಾ ದಂಡೆಯಲ್ಲಿ ಸರ್ಕಾರದ ಕಟ್ಟಿಗೆಯ ದೋಣಿಯೊಂದಿತ್ತು. ತಹಸೀಲ್ದಾರರು ಅದನ್ನೂ ಒಂದು ಜೀಪನ್ನೂ ಕೊಟ್ಟರು. ಜೀಪಿನ ಹಿಂದೆ ದೋಣಿ ಹೊರಲು ಎರಡು ಗಾಲಿಯ ಟ್ರೇಲರ್ ಸಜ್ಜು ಮಾಡುವ ಕೆಲಸ ಟಾಂಗಾ ತಯಾರಿಸುವ ಅಪ್ಪನ ಪಾಲಿಗೆ ಬಂತು. ಮಗಳ ಜೀವದ ಮಾತು, ಗಟ್ಟಿಯಾಗಿರಲಿ ಎಂದು ಅವನು ಮಿಲಿಟರಿ ಲಾರಿಯ ಏಳು ಉಕ್ಕಿನ ಪಟ್ಟಿಯ ಕಮಾನುಗಳನ್ನೇ, ಅಂದರೆ ಗಾಲಿಯ ಮೇಲೆ ಭಾರ ಹೊರುವ ಸ್ಪ್ರಿಂಗುಗಳನ್ನೇ, ಕೂರಿಸಿದ.

"ಟಾಂಗಾದಾಗ ಒಬ್ಬರೇ ಕುಂತ್ರ ಹಾರತದ, ನಾಕ್ ಮಂದಿ ಕುಂತ್ರ ಹಾರಂಗಿಲ್ಲ. ದೋಣಿ ಹಗೂರ ಅದ ಅಪ್ಪಾ, ಇದು ಕುಣೀತದ," ಎಂದೆ.

"ಹೆಣ್ಣಹುಡುಗಿ, ನಿನಗೇನ್ ತಿಳೀತದ? ಸುಮ್ಮ ಕೂಡು," ಎಂದ.

ಯಾದಗಿರಿಯಿಂದ ಹೊರಟ ದೋಣಿ ದೋರನಹಳ್ಳಿ ದಾಟುವಷ್ಟರಲ್ಲಿ ಹಾರಿ ಹಾರಿ ಹಲಗೆಗಳ ಸಂದು ಬಿಟ್ಟುಕೊಂಡಿತು. ಶಹಾಪುರಕ್ಕೆ ಬಂದಾಗ ಅದರ ತಳದಿಂದ ನೆಲ ಕಾಣುತ್ತಿತ್ತು. ಬಾಯಿಗೆ ಬಂದದ್ದನ್ನೆಲ್ಲ ಅಪ್ಪನಿಗೆ ಅಂದೆ.

ಭಾವ ಸಂದುಗಳಿಗೆ ಹತ್ತಿ, ಡಾಂಬರು ತುಂಬತೊಡಗಿದ. ಅಪ್ಪ ಕಮಾನು ಬಿಚ್ಚಿದ. ಭಾರ ಹೇರಿದ ಮೇಲೆ ಕಮಾನಿಗೂ ಮೇಲಿನ ಚೌಕಟ್ಟಿಗೂ ನಡುವೆ ಮೂರು ಬೆರಳು ಜಾಗ ಉಳಿಯಬೇಕು, ಅದು ಅವನ ಟಾಂಗಾದ ಅಳತೆ. ಹೆಚ್ಚು ಉಳಿದರೆ ಗಾಡಿ ಕುಣಿಯುತ್ತದೆ, ಕಡಿಮೆಯಾದರೆ ಕಮಾನು ಬಡಿದು ಮುರಿಯುತ್ತದೆ. ಈಗ ಇಡೀ ಅಂಗೈ ಹೋಗುತ್ತಿತ್ತು. ಒಂದೊಂದೇ ಪಟ್ಟಿ ತೆಗೆಯುವುದು, ಎಂಟು ಜನ ದೋಣಿ ಎತ್ತಿ ಇಡುವುದು, ಅಪ್ಪ ಬೆರಳು ತೂರಿಸಿ ನೋಡುವುದು. ನಾಲ್ಕು ಪಟ್ಟಿಗೆ ಮೂರು ಬೆರಳಾಯಿತು. ದಾರಿಯಲ್ಲಿ ಒಂದು ಮುರಿದರೂ ಅಕ್ಕನ ಆಸೆ ಬಿಟ್ಟಂತೆಯೇ.

ನಾನು ಜೀಪಿನಲ್ಲಿ ಹಿಂದೆ ಮುಖ ಮಾಡಿ ಕುಳಿತು, ಸುರಪುರ ದಾಟಿ ಹೊಳೆಯವರೆಗೂ ಆ ಕಮಾನುಗಳ ಮೇಲಿನ ಕಣ್ಣು ತೆಗೆಯಲಿಲ್ಲ. ದೋಣಿ ತೂಗಿತು, ಹಾರಲಿಲ್ಲ. ಅಂಬಿಗರು ಅದರಲ್ಲೇ ಹೋಗಿ ಅಕ್ಕನನ್ನೂ ಸೂಲಗಿತ್ತಿಯನ್ನೂ ಕರೆತಂದರು.

ಅಕ್ಕನಿಗೆ ಜೀಪಿನಲ್ಲಿ ಕೂರಲು ಆಗುವಂತಿರಲಿಲ್ಲ. ದೋಣಿಯನ್ನು ಮತ್ತೆ ಟ್ರೇಲರಿಗೇರಿಸಿ, ಅದರಲ್ಲೇ ಕೌದಿ ಹಾಸಿ ಮಲಗಿಸಿದೆವು. ಪಕ್ಕದಲ್ಲಿ ಸೂಲಗಿತ್ತಿ ಕುಳಿತಳು. ಈಗ ಇಬ್ಬರ ಭಾರ ಹೆಚ್ಚಾಗಿತ್ತು. ಅಪ್ಪ ಬಗ್ಗಿ ಕಮಾನಿನ ಮೇಲೆ ಬೆರಳಿಟ್ಟ. ತೂರಿಸುವ ಮೊದಲೇ ಕೈ ಹಿಂದಕ್ಕೆ ತೆಗೆದುಕೊಂಡ.

"ಯವ್ವಾ, ನೀನ ನೋಡು," ಎಂದ.

ನನ್ನ ಬೆರಳು ತೂರಿಸಿದೆ. ಮೂರು ಹಿಡಿದವು. ಆದರೆ ನನ್ನವು ಕಡ್ಡಿಯಂಥ ಬೆರಳು, ಅಪ್ಪನವಾಗಿದ್ದರೆ ಎರಡೇ. ದೋಣಿಯೊಳಗೆ ಅಕ್ಕ ನರಳಿದಳು. ಮತ್ತೆ ಪಟ್ಟಿ ಸೇರಿಸುತ್ತ ಕೂರಲು ಹೊತ್ತಿರಲಿಲ್ಲ.

"ಮೂರು ಅದಾವು ಅಪ್ಪಾ. ಬರೋಬರಿ ಅದ," ಎಂದೆ.

ಸುರಪುರದ ದವಾಖಾನೆಯವರೆಗೆ ದಾರಿಯ ಒಂದೊಂದು ತಗ್ಗನ್ನೂ ಎಣಿಸುತ್ತ ಹೋದೆ. ಎರಡು ಕಡೆ ಕಮಾನು ಕಟಕಟ ಬಡಿಯಿತು, ಮುರಿಯಲಿಲ್ಲ. ಸಂಜೆಯೊಳಗೆ ಅಕ್ಕ ಹೆಣ್ಣು ಹೆತ್ತಳು, ಇಬ್ಬರೂ ಉಳಿದರು.

ದವಾಖಾನೆಯ ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪನಿಗೆ ಅಳುತ್ತಲೇ ನಿಜ ಹೇಳಿದೆ. ಅವನು ನನ್ನ ಕೈ ಹಿಡಿದು, ಬೆರಳು ಒಂದೊಂದಾಗಿ ಮುಟ್ಟಿ ನೋಡಿದ.

"ನಿನ್ನ ಮೂರು ಬೆರಳಂದ್ರ ನನ್ನ ಎರಡು ಅಂತ ನನಗ ಗೊತ್ತಿಲ್ಲೇನು? ಆದ್ರೂ ಹೊರಡ್ರಿ ಅನ್ನಾಕ ನನಗ ಬಾಯಿ ಬರಲಿಲ್ಲ. ಅದಕ್ಕ ನಿನ್ನ ಕೇಳಿದೆ," ಎಂದ.