ಮ್ಯಾನೇಜರ್ ಲ್ಯಾಪ್‌ಟಾಪಿನಲ್ಲಿ ನಡೆದ ಯುದ್ಧ

ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸಿಗೆ ನನ್ನನ್ನು ನೆಟ್‌ವರ್ಕ್ ರಿಪೇರಿಗೆ ಕರೆದಿದ್ದರು. ಶುಕ್ರವಾರ ಎಲ್ಲರೂ ಸೇರಿ ಆಡುವ ಶೂಟಿಂಗ್ ಗೇಮು ಲ್ಯಾಗ್ ಆಗುತ್ತದೆ, ಅಂದರೆ ತಡವಾಗಿ ಓಡುತ್ತದೆ, ಗುಂಡು ಹೊಡೆಯುವಷ್ಟರಲ್ಲಿ ನಾವೇ ಸತ್ತಿರುತ್ತೇವೆ ಎಂಬುದು ದೂರು. ಮ್ಯಾನೇಜರಿಗೆ ಮಾತ್ರ ಆ ತೊಂದರೆ ಇರಲಿಲ್ಲ. ಪ್ರತಿ ವಾರ ಅವರೇ ಗೆಲ್ಲುತ್ತಿದ್ದರು.

ನೋಡಿದರೆ ನೆಟ್‌ವರ್ಕ್ ಸರಿಯಾಗೇ ಇತ್ತು. ಆ ಗೇಮಿಗೆ ಬೇರೆ ಸರ್ವರ್ ಇಲ್ಲ. ಆಟ ಶುರು ಮಾಡಿದವರ ಲ್ಯಾಪ್‌ಟಾಪೇ ಸರ್ವರ್, ಯಾರ ಗುಂಡು ಯಾರಿಗೆ ತಗುಲಿತು ಎಂದು ತೀರ್ಮಾನಿಸುವುದೂ ಅದೇ. ಉಳಿದವರು ಹೊಡೆದ ಗುಂಡು ಮೊದಲು ಅಲ್ಲಿಗೆ ಹೋಗಿ ತಲುಪಬೇಕು. ಯಾವಾಗಲೂ ಶುರು ಮಾಡುತ್ತಿದ್ದವರು ಮ್ಯಾನೇಜರ್, ಹಾಗಾಗಿ ಅವರ ಗುಂಡಿಗೆ ಮಾತ್ರ ತಡವೇ ಇರಲಿಲ್ಲ.

ಇದನ್ನು ಹೇಳಿದ್ದಕ್ಕೆ ಅವರ ಮುಖ ಕೆಂಪಾಯಿತು. "ನನ್ನ ಕೈ ಫಾಸ್ಟ್ ಕಣ್ರೀ! ಬೇಕಾದ್ರೆ ಬೇರೆಯವ್ರು ಶುರು ಮಾಡ್ಲಿ."

ಆನೇಕಲ್‌ನ ಮನೆಯಿಂದ ಕೆಲಸ ಮಾಡುತ್ತಿದ್ದ ಕಾವ್ಯ ಶುರು ಮಾಡಿದಳು. ಅವಳ ಮನೆಯ ಇಂಟರ್‌ನೆಟ್ ನಿಧಾನ. ಮ್ಯಾನೇಜರ್ ಓಡಿಹೋಗಿ ಗೋಡೆಯ ಹಿಂದೆ ಅಡಗಿದರು, ಅಡಗಿದ ಮೇಲೆ ಸತ್ತರು. ಅವರು ಅಡಗಿದ್ದು ಕಾವ್ಯಳ ಲ್ಯಾಪ್‌ಟಾಪಿಗೆ ತಡವಾಗಿ ತಿಳಿಯುತ್ತಿತ್ತು. ಮತ್ತೆ ಮತ್ತೆ ಸತ್ತರು.

"ಏನಮ್ಮಾ, ಚೀಟಿಂಗಾ?" ಎಂದು ಕೂಗಿದರು.

"ಇಲ್ಲ ಸಾರ್," ಸ್ಪೀಕರಿನಲ್ಲಿ ಕಾವ್ಯಳ ಧ್ವನಿ ಬಂತು. "ಇಷ್ಟು ದಿನ ನೀವು ಆಡ್ತಿದ್ದ ಹಾಗೇ ಆಡ್ದೆ."

ಮ್ಯಾನೇಜರ್ ಎಲ್ಲರ ಸಂಬಳ ಏರಿಕೆ ನಿರ್ಧರಿಸುವ ಅಪ್ರೈಸಲ್ ತಿಂಗಳಾದ್ದರಿಂದ ಯಾರೂ ನಗಲಿಲ್ಲ.

ಈಗ ಅಲ್ಲಿ ಶುಕ್ರವಾರ ಕೇರಂ ಆಡುತ್ತಾರಂತೆ. ಮ್ಯಾನೇಜರೂ ಆಡುತ್ತಾರೆ, ಅಂಪೈರೂ ಅವರೇ ಅಂತೆ.